ಅವಳಿಗೆ ಏನು ಇಷ್ಟ: ಸಂಗಾತಿಗೆ ಕೊಡುವ ಉಡುಗೊರೆಯ ವಿವೇಕ

ಪತ್ನಿಗಾಗಲಿ ಪ್ರೇಯಸಿಗಾಗಲಿ ಕೊಡುವ ಉಡುಗೊರೆಯಲ್ಲಿ ಎರಡು ಸಂಗತಿಗಳು ಒಟ್ಟಿಗೇ ಇರುತ್ತವೆ. ಒಂದು, ಕೈಯಿಂದ ಕೈಗೆ ದಾಟುವ ವಸ್ತು. ಇನ್ನೊಂದು, ಆ ವಸ್ತುವನ್ನು ಆರಿಸುವಾಗ ಕೊಡುವವನು ಅವಳ ಬಗ್ಗೆ ಏನನ್ನು ಅರಿತಿದ್ದ, ಏನನ್ನು ಗಮನಿಸದೇ ಹೋಗಿದ್ದ ಎಂಬುದರ ಸಾಕ್ಷ್ಯ. ವಸ್ತು ಹಳತಾಗುತ್ತದೆ, ಸವೆಯುತ್ತದೆ, ಕೆಲವೊಮ್ಮೆ ಕಳೆದೂ ಹೋಗುತ್ತದೆ. ಸಾಕ್ಷ್ಯ ಮಾತ್ರ ಇಬ್ಬರ ನೆನಪಿನಲ್ಲೂ ಬಹುಕಾಲ ಉಳಿಯುತ್ತದೆ. ಆದ್ದರಿಂದಲೇ ಸಾಧಾರಣ ಬೆಲೆಯ ಒಂದು ವಸ್ತು ಹತ್ತಾರು ವರ್ಷ ಜತನವಾಗಿ ಉಳಿಯುವುದೂ, ದುಬಾರಿಯಾದ ಇನ್ನೊಂದು ಪೆಟ್ಟಿಗೆಯ ಸಮೇತ ಬೀರುವಿನ ಮೂಲೆ ಸೇರುವುದೂ ಎಷ್ಟೋ ಮನೆಗಳಲ್ಲಿ ಕಾಣಸಿಗುವ ಸಂಗತಿಗಳಾಗಿವೆ.

ಮದುವೆಯ ವಾರ್ಷಿಕೋತ್ಸವ, ಹುಟ್ಟುಹಬ್ಬ, ದೀಪಾವಳಿ, ಇತ್ತೀಚಿನ ದಶಕಗಳಲ್ಲಿ ಫೆಬ್ರುವರಿ 14, ಹೀಗೆ ಸಂದರ್ಭಗಳು ಹೆಚ್ಚಿದಂತೆ ಮಾರುಕಟ್ಟೆಯು ಎಲ್ಲ ಹೆಂಗಸರಿಗೂ ಒಪ್ಪುವಂಥ ಸಿದ್ಧ ಉತ್ತರಗಳನ್ನು ಮುಂದಿಡುತ್ತ ಬಂದಿದೆ. ಹೃದಯಾಕಾರದ ಪೆಟ್ಟಿಗೆ, ಕೆಂಪು ಗುಲಾಬಿಯ ಗುಚ್ಛ, ಹೆಸರು ಕೊರೆದ ಪದಕ ಇವೆಲ್ಲ ಆ ಉತ್ತರಗಳು. ಅವುಗಳಲ್ಲಿ ದೋಷವಿದೆಯೆಂದಲ್ಲ, ಆದರೆ ಎಲ್ಲರಿಗೂ ಒಪ್ಪುವ ವಸ್ತುವಿಗೆ ಒಬ್ಬಳನ್ನು ಅರಿತಿರಬೇಕಾದ ಅಗತ್ಯವೇ ಇಲ್ಲ, ಪ್ರೀತಿಗೆ ಅತ್ಯಗತ್ಯವಾದದ್ದು ಆ ಅರಿವೇ.

ಕೊಡುವುದರ ಬೆನ್ನಿಗಿರುವ ಋಣ

ಉಡುಗೊರೆಯನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದವರಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ ಅವರ ಹೆಸರು ಮೊದಲ ಸಾಲಿನದು. 1925ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಅವರು ಪೆಸಿಫಿಕ್ ದ್ವೀಪಗಳ ಹಾಗೂ ಉತ್ತರ ಅಮೆರಿಕದ ಬುಡಕಟ್ಟುಗಳ ರೂಢಿಗಳನ್ನು ಪರಿಶೀಲಿಸಿ, ಮೇಲುನೋಟಕ್ಕೆ ಸ್ವಇಚ್ಛೆಯಿಂದ ನಡೆಯುವಂತೆ ಕಾಣುವ ಉಡುಗೊರೆಯ ಹಿಂದೆ ಮೂರು ಕಟ್ಟುಪಾಡುಗಳಿವೆ ಎಂದು ವಾದಿಸಿದರು: ಕೊಡಬೇಕು, ಕೊಟ್ಟದ್ದನ್ನು ಸ್ವೀಕರಿಸಬೇಕು, ಸ್ವೀಕರಿಸಿದ್ದಕ್ಕೆ ಪ್ರತಿಯಾಗಿ ಮರಳಿಸಬೇಕು. ನಮ್ಮ ಮದುವೆ ಮನೆಗಳಲ್ಲಿ ಮುಯ್ಯಿ ಬರೆದಿಡುವ ಪದ್ಧತಿಯನ್ನು ಕಂಡವರಿಗೆ ಈ ವಾದ ಹೊಸದೆನ್ನಿಸದು. ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಇರುವುದೇ ಮುಂದೆ ಅವರ ಮನೆಯ ಶುಭಕಾರ್ಯದಲ್ಲಿ ಅದನ್ನು ಮರಳಿಸುವುದಕ್ಕಾಗಿ.

ಪ್ರೇಮದಲ್ಲಿ ಉಡುಗೊರೆ ಕೊಡುವವನು ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ. ನೆಂಟರಿಷ್ಟರ ನಡುವಿನ ಮುಯ್ಯಿ ಸಮುದಾಯವನ್ನು ಹೆಣೆಯುತ್ತದೆ, ಅದರ ಲೆಕ್ಕಕ್ಕೊಂದು ಘನತೆಯಿದೆ. ಅದೇ ಲೆಕ್ಕ ಗಂಡುಹೆಣ್ಣಿನ ನಡುವೆ ನುಸುಳಿದಾಗ ಉಡುಗೊರೆ ಪಡೆದವಳು ಸಾಲಗಾರ್ತಿಯಾಗುತ್ತಾಳೆ. ಪರಿಚಯವಾದ ಹೊಸದರಲ್ಲಿಯೇ ಕೊಡುವ ಅತಿ ದುಬಾರಿ ವಸ್ತು ಅನೇಕ ಹೆಂಗಸರಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಮುಜುಗರವನ್ನು ಹುಟ್ಟಿಸುವುದಕ್ಕೆ ಇದೇ ಕಾರಣ. ನಿರಾಕರಿಸಿದರೆ ಅವಮಾನವಾದೀತು, ಒಪ್ಪಿಕೊಂಡರೆ ಒಪ್ಪಿಗೆಯ ಮಾತೊಂದನ್ನು ಹೇಳಿಯೇಬಿಟ್ಟಂತಾದೀತು ಎಂಬ ಇಕ್ಕಟ್ಟಿಗೆ ಅವಳು ಸಿಲುಕುತ್ತಾಳೆ. ಸಂಬಂಧದ ಆಳಕ್ಕೆ ತಕ್ಕ ಅಳತೆಯಲ್ಲಿ ಕೊಡುವುದು, ಕೊಟ್ಟ ಮೇಲೆ ಅದನ್ನು ನೆನಪಿಸದಿರುವುದು, ಬೇಡವೆನ್ನುವ ಸ್ವಾತಂತ್ರ್ಯವನ್ನು ಅವಳಿಗೇ ಬಿಡುವುದು, ಇವು ಆಯ್ಕೆಗೂ ಮೊದಲು ಪಾಲಿಸಬೇಕಾದ ಮರ್ಯಾದೆಗಳು.

ಋಣದ ಲೆಕ್ಕವಿಲ್ಲದ ಕೊಡುಗೆಗೆ ನಮ್ಮ ಕಾವ್ಯಪರಂಪರೆಯಲ್ಲಿ ಒಂದು ಎತ್ತರದ ನಿದರ್ಶನವಿದೆ. ರಾಮಾಯಣದಲ್ಲಿ ಹನುಮಂತನು ಅಶೋಕವನಕ್ಕೆ ಒಯ್ಯುವುದು ರಾಮನ ಹೆಸರನ್ನು ಕೆತ್ತಿದ ಉಂಗುರವನ್ನು. ಸೀತೆ ಮರಳಿ ಕಳುಹಿಸುವುದು ತನ್ನ ಚೂಡಾಮಣಿಯನ್ನು, ಅಂದರೆ ತಲೆಯಲ್ಲಿ ಧರಿಸುವ ಆಭರಣವನ್ನು. ಆ ಘಳಿಗೆಯಲ್ಲಿ ಇಬ್ಬರೂ ನೋಡುವುದು ಚಿನ್ನದ ತೂಕವನ್ನಲ್ಲ. ಬಂದ ದೂತ ನಿಜವಾದವನೇ, ಅಗಲಿದವರು ಕ್ಷೇಮವಾಗಿದ್ದಾರೆಯೇ, ತನ್ನನ್ನು ಮರೆಯದೆ ಇದ್ದಾರೆಯೇ ಎಂಬ ಪ್ರಶ್ನೆಗಳಿಗೆ ಆ ಒಡವೆಗಳು ಉತ್ತರವಾಗುತ್ತವೆ. ಕಾಳಿದಾಸನ ಶಾಕುಂತಲ ನಾಟಕದಲ್ಲಿಯೂ ಉಂಗುರದ ಕೆಲಸ ಅದೇ, ಗುರುತನ್ನು ಮರಳಿ ತರುವುದು. ಉಡುಗೊರೆ ಎಂಬುದು ‘ನೀನು ಯಾರೆಂದು ನನಗೆ ಗೊತ್ತು’ ಎನ್ನುವ ಗುರುತಿನ ಮುದ್ರೆಯಾಗಬಲ್ಲದು ಎಂಬುದನ್ನು ಈ ಕವಿಗಳು ಬಹಳ ಹಿಂದೆಯೇ ಕಂಡುಕೊಂಡಿದ್ದರು.

ಕೊಡುವವರ ನೋಟ, ಪಡೆಯುವವರ ನೋಟ

ಈ ಗುರುತು ಎಲ್ಲಿ ತಪ್ಪಿಹೋಗುತ್ತದೆ ಎಂಬುದನ್ನು ಇಂದಿನ ಅರ್ಥಶಾಸ್ತ್ರಜ್ಞರೂ ಮನಶ್ಶಾಸ್ತ್ರಜ್ಞರೂ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ರಿಸ್‌ಮಸ್ ಉಡುಗೊರೆ ಪಡೆದ ವಿದ್ಯಾರ್ಥಿಗಳನ್ನು ಆ ವಸ್ತುಗಳಿಗೆ ಭಾವನಾತ್ಮಕ ಮೌಲ್ಯವನ್ನು ಬದಿಗಿಟ್ಟು ಎಷ್ಟು ಬೆಲೆ ಕಟ್ಟುತ್ತೀರೆಂದು ಕೇಳಿದಾಗ, ಅವರು ಹೇಳಿದ ಮೊತ್ತ ಅಂಗಡಿಯ ಬೆಲೆಗಿಂತ ಹತ್ತನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಕಡಿಮೆಯಿತ್ತು. ಅದೇ ಅಧ್ಯಯನದ ಇನ್ನೊಂದು ಅಂಶ ಇಲ್ಲಿ ಹೆಚ್ಚು ಮುಖ್ಯವಾದದ್ದು: ದೂರದ ಬಂಧುಗಳು ಕೊಟ್ಟ ವಸ್ತುಗಳಲ್ಲಿ ಈ ನಷ್ಟ ಹೆಚ್ಚು, ಗೆಳೆಯರು ಮತ್ತು ಪ್ರೇಮಿಗಳು ಕೊಟ್ಟವುಗಳಲ್ಲಿ ಅತಿ ಕಡಿಮೆ. ಹತ್ತಿರವಿದ್ದು ನೋಡಿದವನು ಕೊಟ್ಟದ್ದು ವ್ಯರ್ಥವಾಗುವುದಿಲ್ಲ ಎಂಬುದು ಇದರ ಸಾರ.

ಆದರೆ ಹತ್ತಿರವಿದ್ದವರೂ ಎಡವುವುದುಂಟು. 2011ರಲ್ಲಿ ಫ್ರಾನ್ಸೆಸ್ಕಾ ಜೀನೋ ಮತ್ತು ಫ್ರಾನ್ಸಿಸ್ ಫ್ಲಿನ್ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಕೇಳದೆಯೇ ತಾವಾಗಿ ಆರಿಸಿಕೊಟ್ಟದ್ದನ್ನು ಎದುರಿಗಿರುವವರು ಹೆಚ್ಚು ಮೆಚ್ಚುತ್ತಾರೆ ಎಂದು ಕೊಡುವವರು ಭಾವಿಸುತ್ತಾರೆ. ಪಡೆಯುವವರಾದರೋ ತಾವು ಬಾಯಿಬಿಟ್ಟು ಹೇಳಿದ್ದನ್ನೇ ತಂದುಕೊಟ್ಟವರಲ್ಲಿ ಹೆಚ್ಚಿನ ಕಾಳಜಿಯನ್ನು ಕಾಣುತ್ತಾರೆ. ‘ಹೇಳದೆಯೇ ಅರ್ಥಮಾಡಿಕೊಳ್ಳಬೇಕು’ ಎಂಬ ಸಿನಿಮಾ ಕಲಿಸಿದ ಆದರ್ಶಕ್ಕೆ ಇದು ವಿರುದ್ಧವಾದ ಫಲಿತಾಂಶ. 2016ರಲ್ಲಿ ಜೆಫ್ ಗಲಾಕ್, ಜೂಲಿಯನ್ ಗಿವಿ ಮತ್ತು ಎಲನೋರ್ ವಿಲಿಯಮ್ಸ್ ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ ಒಂದು ಸರಳವಾದ ವಿವರಣೆಯನ್ನು ಕೊಟ್ಟರು: ಕೊಡುವವನ ಮನಸ್ಸು ಹೊದಿಕೆ ಬಿಚ್ಚುವ ಆ ಕ್ಷಣದ ಮೇಲಿರುತ್ತದೆ, ಪಡೆಯುವವರ ಮನಸ್ಸು ಆಮೇಲೆ ಆ ವಸ್ತುವಿನೊಂದಿಗೆ ಕಳೆಯಬೇಕಾದ ದಿನಗಳ ಮೇಲಿರುತ್ತದೆ. ಕಣ್ಣರಳಿಸುವಂತೆ ಮಾಡುವುದನ್ನೇ ಗುರಿಯಾಗಿಟ್ಟುಕೊಂಡು ಆರಿಸಿದ ವಸ್ತು ಆ ಕ್ಷಣ ಕಳೆದ ಮೇಲೆ ಸೊರಗುವುದು ಈ ಕಾರಣದಿಂದ.

ಹೀಗಾಗಿ ಆಯ್ಕೆಯ ಮೊದಲ ಹೆಜ್ಜೆ ಅಂಗಡಿಯಲ್ಲಲ್ಲ, ಮನೆಯ ಮಾತುಕತೆಯಲ್ಲಿ ಇಡಬೇಕಾದದ್ದು. ತಿಂಗಳುಗಳ ಹಿಂದೆ ಅವಳು ಯಾವುದೋ ಮಾತಿನ ನಡುವೆ ಹೇಳಿದ ಆಸೆ, ಪ್ರದರ್ಶನವೊಂದರಲ್ಲಿ ಕೈಗೆತ್ತಿಕೊಂಡು ಬೆಲೆ ನೋಡಿ ಮರಳಿ ಇಟ್ಟ ವಸ್ತು, ಕೊಂಡಿ ಕಿತ್ತಿದ್ದರೂ ಬದಲಿಸದೆ ಬಳಸುತ್ತಿರುವ ಚೀಲ, ಮದುವೆಯ ನಂತರ ಕೈಬಿಟ್ಟ ಸಂಗೀತಾಭ್ಯಾಸ, ಇವನ್ನು ಗಮನಿಸಿ ಬರೆದಿಟ್ಟುಕೊಂಡವನಿಗೆ ಹಬ್ಬದ ಹಿಂದಿನ ದಿನ ಪೇಟೆ ಸುತ್ತುವ ಪಾಡು ಬರುವುದಿಲ್ಲ. ಗಮನಿಸಿಯೂ ತಿಳಿಯದಿದ್ದರೆ ನೇರವಾಗಿ ಕೇಳುವುದರಲ್ಲಿ ಪ್ರೇಮಕ್ಕೆ ಕುಂದೇನೂ ಇಲ್ಲ.

ಹೂವಿನ ಲೆಕ್ಕ

ಕರ್ನಾಟಕದಲ್ಲಿ ಪ್ರೀತಿಯ ಅತ್ಯಂತ ಹಳೆಯ ಹಾಗೂ ಎಲ್ಲರ ಕೈಗೆಟುಕುವ ಉಡುಗೊರೆ ಹೂವು. ಸಂಜೆ ಕೆಲಸದಿಂದ ಮರಳುವಾಗ ಮೊಳ ಮಲ್ಲಿಗೆಯನ್ನು ಎಲೆಯಲ್ಲಿ ಕಟ್ಟಿಸಿಕೊಂಡು ಬರುವ ರೂಢಿಗೆ ಪಶ್ಚಿಮದ ಗುಲಾಬಿ ಗುಚ್ಛಕ್ಕಿಲ್ಲದ ಒಂದು ಗುಣವಿದೆ. ಅದು ವರ್ಷಕ್ಕೊಮ್ಮೆಯ ಪ್ರದರ್ಶನವಾಗದೆ ದಿನಚರಿಯ ಭಾಗವಾಗುತ್ತದೆ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಪ್ರಕಟವಾಗಿ, ಮಧ್ಯಮವರ್ಗದ ದಾಂಪತ್ಯದ ನಿತ್ಯದ ಒಲವನ್ನು ಕನ್ನಡ ಕಾವ್ಯದ ನಡುಮನೆಗೆ ತಂದಾಗ ಆ ಸಂಕಲನಕ್ಕೆ ಹೂವಿನ ಹೆಸರೇ ಒದಗಿದ್ದು ಸಹಜವಾಗಿಯೇ ಇದೆ.

ಮಲ್ಲಿಗೆಯೂ ಒಂದೇ ಬಗೆಯದಲ್ಲ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ ಮತ್ತು ಹಡಗಲಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಅಂದರೆ ನಿರ್ದಿಷ್ಟ ಪ್ರದೇಶದಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರನ್ನು ಬಳಸಬಹುದೆಂಬ ಕಾನೂನಿನ ರಕ್ಷಣೆಯಿದೆ. ಉಡುಪಿ ಸೀಮೆಯ ಶಂಕರಪುರದ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿ ‘ಚೆಂಡು’ ಮತ್ತು ‘ಅಟ್ಟೆ’ಯ ಲೆಕ್ಕದಲ್ಲಿ ಮಾರುತ್ತಾರೆ; ಸುಮಾರು 800 ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಷ್ಟೂ ಮೊಗ್ಗುಗಳನ್ನು ಅರಳುವ ಮೊದಲೇ ಬೆಳಗಿನಲ್ಲಿ ಬಿಡಿಸಿ ಕಟ್ಟಿ ಮುಗಿಸಬೇಕು, ಆ ದುಡಿಮೆಯ ಬಹುಪಾಲು ಹೆಂಗಸರದು. ಇಳುವರಿ ಮತ್ತು ಬೇಡಿಕೆಯನ್ನು ನೋಡಿಕೊಂಡು ಅಟ್ಟೆಯ ದರ ದಿನದಿನವೂ ನಿಗದಿಯಾಗುತ್ತದೆ. ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ನೆಲೆಸಿರುವ ಕರಾವಳಿಯ ಹೆಣ್ಣಿಗೆ ಊರಿನಿಂದ ಬಂದ ಒಂದು ಚೆಂಡು ಮಲ್ಲಿಗೆ ಕೊಡುವ ಹಿಗ್ಗನ್ನು ಹೊರನಾಡಿನ ಯಾವ ಗುಚ್ಛವೂ ಕೊಡಲಾರದು, ಏಕೆಂದರೆ ಅದರಲ್ಲಿ ಅವಳ ತವರಿನ ನೆನಪನ್ನು ಇನ್ನೊಬ್ಬರು ಗೌರವಿಸಿದ್ದು ಕಾಣುತ್ತದೆ. ಹೂ ಮುಡಿಯುವ ಅಭ್ಯಾಸವಿಲ್ಲದವಳಿಗೆ, ಅದರ ಗಂಧದಿಂದ ತಲೆನೋವು ಬರುವವಳಿಗೆ ಇದೇ ಉಡುಗೊರೆ ಅರ್ಥಹೀನವಾಗುತ್ತದೆ; ಅಂಥವಳಿಗೆ ಕುಂಡದಲ್ಲಿ ನೆಟ್ಟ ಗಿಡ ಹೆಚ್ಚು ಒಪ್ಪೀತು.

ಸೀರೆಯ ಸೆರಗಿನಲ್ಲಿ

ಸೀರೆ ಕೊಡಿಸುವುದೆಂದರೆ ಅನೇಕ ಗಂಡಸರಿಗೆ ಬಣ್ಣ ಮತ್ತು ಬೆಲೆ ಎರಡನ್ನೇ ನೋಡುವ ಕೆಲಸ. ಅದರ ನೇಯ್ಗೆಯನ್ನು ತಿಳಿದುಕೊಂಡವನ ಆಯ್ಕೆ ಬೇರೆಯೇ ಆಗಿರುತ್ತದೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಒಡಲಿನ ಹಾಸೆಳೆ ಮತ್ತು ಸೆರಗಿನ ಹಾಸೆಳೆ, ಅಂದರೆ ಉದ್ದುದ್ದಕ್ಕೆ ಸಾಗುವ ನೂಲುಗಳು, ಬೇರೆಬೇರೆಯಾಗಿಯೇ ಸಿದ್ಧವಾಗುತ್ತವೆ. ಆಮೇಲೆ ಒಂದರ ಎಳೆಗಳನ್ನು ಇನ್ನೊಂದರ ಎಳೆಗಳಿಗೆ ಕೊಂಡಿಯಂತೆ ಸಿಕ್ಕಿಸಿ ಜೋಡಿಸುತ್ತಾರೆ. ಈ ಕೊಂಡಿ ಪದ್ಧತಿಯಿಂದಾಗಿ ಒಂದೊಂದು ಸೀರೆಗೂ ಬೇರೆಯಾಗಿಯೇ ಹಾಸು ಹೂಡಬೇಕಾಗುತ್ತದೆ. ಕೆಂಪು ರೇಷ್ಮೆಯ ಸೆರಗಿನ ಮೇಲೆ ಬಿಳಿಯಲ್ಲಿ ಮೂಡುವ ವಿನ್ಯಾಸಗಳು ಸುತ್ತಲಿನ ಬದುಕಿನಿಂದಲೇ ಬಂದವು. ಜೋಳದ ತೆನೆ, ಕೋಟೆಯ ತೆನೆಗಳು, ಬಾಚಣಿಗೆಯ ಹಲ್ಲು ಅಲ್ಲಿ ಕಾಣಸಿಗುತ್ತವೆ. ಇದಕ್ಕೆ ಹತ್ತಿರದ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸಕ್ಕೆಂದೇ ನೇಯುವ ಬಟ್ಟೆ, ಜೊತೆಯಾದರೆ ಉತ್ತರ ಕರ್ನಾಟಕದ ಹೆಣ್ಣಿಗೆ ಅದು ಪರಿಪೂರ್ಣವಾದ ಉಡುಪು.

ಧಾರವಾಡ ಸೀಮೆಯ ಕಸೂತಿ ಇನ್ನೂ ಹೆಚ್ಚಿನ ಸಹನೆಯನ್ನು ಬೇಡುವ ಕಲೆ. ಬಟ್ಟೆಯ ಮೇಲೆ ಗೆರೆ ಎಳೆಯದೆ, ನೂಲಿನ ಎಳೆಗಳನ್ನು ಎಣಿಸಿಕೊಂಡೇ ಗೋಪುರ, ತೇರು, ಪಲ್ಲಕ್ಕಿ, ತುಳಸಿಕಟ್ಟೆಗಳನ್ನು ಮೂಡಿಸುತ್ತಾರೆ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳೇ ಇದರ ಬಂಡವಾಳ. ಗವಂತಿಯಲ್ಲಿ ಗಂಟು ಹಾಕುವುದಿಲ್ಲವಾದ್ದರಿಂದ ಬಟ್ಟೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣುತ್ತವೆ. ಇನ್ನು ಮೈಸೂರು ರೇಷ್ಮೆಯ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಆರಂಭವಾಗಿ, 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಆಡಳಿತದಲ್ಲಿದೆ. ಹುರಿ ಮಾಡಿದ ನೂಲಿನಿಂದ ನೇಯ್ದ ಅದರ ಕ್ರೇಪ್ ಬಟ್ಟೆ ಮೃದುವಾಗಿ ಇಳಿಬೀಳುವುದರಿಂದ ಇಡೀ ದಿನ ಉಟ್ಟರೂ ಭಾರವೆನ್ನಿಸದು.

ಇಷ್ಟು ತಿಳಿದ ಮೇಲೂ ಮುಖ್ಯ ಪ್ರಶ್ನೆ ಉಳಿದೇ ಇರುತ್ತದೆ: ಅವಳು ಸೀರೆ ಉಡುವುದು ಯಾವಾಗ, ಎಲ್ಲಿಗೆ? ಬಸ್ಸು ಹಿಡಿದು ಕಚೇರಿಗೆ ಹೋಗುವವಳಿಗೆ ಜರಿಯ ಭಾರದ ಸೀರೆಗಿಂತ ನಾಲ್ಕು ಒಳ್ಳೆಯ ಹತ್ತಿಯ ಸೀರೆಗಳು ಉಪಯುಕ್ತ; ಸೀರೆಯನ್ನೇ ಉಡದವಳಿಗೆ ಅದೇ ಕಸೂತಿಯ ದುಪಟ್ಟಾ ಇದೆ. ರೇಷ್ಮೆಯಾದರೆ ಸಿಲ್ಕ್ ಮಾರ್ಕ್ ಚೀಟಿ, ಕೈಮಗ್ಗವಾದರೆ ಹ್ಯಾಂಡ್‌ಲೂಮ್ ಮಾರ್ಕ್ ನೋಡಿಕೊಳ್ಳುವುದು, ಬದಲಾಯಿಸಿಕೊಳ್ಳುವ ಅವಕಾಶವಿದೆಯೇ ಎಂದು ಕೇಳಿ ರಸೀದಿಯನ್ನು ಜೋಪಾನವಾಗಿಡುವುದು ಪ್ರೀತಿಯದೇ ಭಾಗವಾದ ಜವಾಬ್ದಾರಿಗಳು. ಬಣ್ಣ ಹಿಡಿಸದಿದ್ದರೆ ಹೇಳಬಹುದೆಂಬ ಧೈರ್ಯ ಅವಳಿಗಿದ್ದರೆ ಆ ಸಂಬಂಧ ಆರೋಗ್ಯವಾಗಿದೆಯೆಂದೇ ಅರ್ಥ.

ಒಡವೆ ಯಾರದು?

ಚಿನ್ನದ ವಿಷಯದಲ್ಲಿ ಪ್ರೀತಿಯ ಜೊತೆ ಕಾನೂನೂ ಬರುತ್ತದೆ. ಹೆಣ್ಣಿನ ಸ್ವಂತ ಸೊತ್ತನ್ನು ಧರ್ಮಶಾಸ್ತ್ರಗಳು ಸ್ತ್ರೀಧನವೆಂದು ಕರೆದವು. ಮನುಸ್ಮೃತಿ ಹೇಳುವ ಆರು ಬಗೆಯ ಸ್ತ್ರೀಧನದಲ್ಲಿ ಪ್ರೀತಿಯಿಂದ ಕೊಟ್ಟದ್ದೂ ಒಂದು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಆ ವ್ಯಾಪ್ತಿಯನ್ನು ಹಿಗ್ಗಿಸಿ, ಹೆಣ್ಣಿಗೆ ಉತ್ತರಾಧಿಕಾರದಿಂದಲೋ ಕ್ರಯದಿಂದಲೋ ಪಾಲಿನಿಂದಲೋ ಬಂದದ್ದೂ ಸ್ತ್ರೀಧನವೇ ಎಂದು ವಾದಿಸಿದನು. ಕನ್ನಡ ನೆಲದಲ್ಲಿ ಹುಟ್ಟಿದ ಈ ವಿಶಾಲ ದೃಷ್ಟಿ ಇಂದಿಗೂ ನೆನೆಯತಕ್ಕದ್ದು. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸ್ತ್ರೀಧನದ ಪೂರ್ಣ ಒಡೆತನ ಹೆಂಡತಿಯದೇ, ಅದನ್ನು ಇಟ್ಟುಕೊಂಡ ಗಂಡ ಅಥವಾ ಅತ್ತೆಮನೆಯವರು ಕೇವಲ ಕಾವಲುಗಾರರು ಎಂದು ಸ್ಪಷ್ಟಪಡಿಸಿತು. ಸ್ತ್ರೀಧನವು ಗಂಡಹೆಂಡಿರ ಜಂಟಿ ಆಸ್ತಿಯಲ್ಲವೆಂದು ಅದೇ ನ್ಯಾಯಾಲಯ 2024ರಲ್ಲಿಯೂ ಪುನರುಚ್ಚರಿಸಿತು.

ಇದರ ನೈತಿಕ ಸಾರ ಸರಳವಾಗಿದೆ. ಕೊಟ್ಟ ಬಳೆಯನ್ನು ಕೇಳದೆ ಅಡವಿಡುವವನು, ಯಾವ ಸಮಾರಂಭಕ್ಕೆ ಯಾವ ಸರ ಹಾಕಬೇಕೆಂದು ತಾನೇ ತೀರ್ಮಾನಿಸುವವನು ಉಡುಗೊರೆಯನ್ನು ಇನ್ನೂ ಕೊಟ್ಟೇ ಇಲ್ಲ. ರಸೀದಿಯನ್ನು ಅವಳ ಹೆಸರಿನಲ್ಲಿ ಬರೆಸಿ, ಅವಳ ಬಳಿಯೇ ಇರಿಸುವುದು ಒಳ್ಳೆಯ ಪದ್ಧತಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಇರುವ ಆಭರಣದ ಮೇಲೆ ಆರು ಅಕ್ಷರ ಮತ್ತು ಅಂಕಿಗಳ ಎಚ್‌ಯುಐಡಿ ಸಂಖ್ಯೆ ಕಡ್ಡಾಯವಾಗಿದ್ದು, ಭಾರತೀಯ ಮಾನಕ ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ಅದನ್ನು ಪರಿಶೀಲಿಸಬಹುದು. 22 ಕ್ಯಾರೆಟ್ಟಿನ ಒಡವೆಯ ಮೇಲೆ 916 ಎಂಬ ಅಂಕಿ ಇರುತ್ತದೆ, ಅಂದರೆ ಸಾವಿರ ಭಾಗದಲ್ಲಿ 916 ಭಾಗ ಚಿನ್ನವೆಂದು ಅರ್ಥ. ಸಾಲ ಮಾಡಿ ಕೊಂಡ ಒಡವೆಯ ಕಂತನ್ನು ಮುಂದೆ ಅವಳ ಮನೆಖರ್ಚಿನಲ್ಲಿಯೇ ಕಡಿತ ಮಾಡುವುದಾದರೆ ಅದನ್ನು ಕೊಳ್ಳದಿರುವುದೇ ಲೇಸು.

ಬಿಡುವೆಂಬ ಉಡುಗೊರೆ

ವಸ್ತುಗಳ ಆಚೆಗೆ ಅತ್ಯಂತ ಅಗತ್ಯವಾದ, ಆದರೆ ಅತ್ಯಂತ ವಿರಳವಾಗಿ ಕೊಡಲಾಗುವ ಉಡುಗೊರೆಯೊಂದಿದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕೆ ಕೊಟ್ಟರೆ ಗಂಡಸರು ಕೊಡುವುದು 88 ನಿಮಿಷ. ಮಕ್ಕಳು, ವೃದ್ಧರು, ಕಾಯಿಲೆಯವರ ಆರೈಕೆಯಲ್ಲಿ ಹೆಂಗಸರ ಪಾಲು 137 ನಿಮಿಷ, ಗಂಡಸರದು 75. ಹೀಗಿರುವಾಗ ಹುಟ್ಟುಹಬ್ಬಕ್ಕೆ ಬರುವ ಮಿಕ್ಸಿ ಅಥವಾ ಕುಕ್ಕರು, ಅವಳೇ ಬೇಕೆಂದು ಕೇಳಿದ್ದರ ಹೊರತು, ಅವಳ ಹೆಸರಿನಲ್ಲಿ ಮನೆಗೆ ಬಂದ ಸಲಕರಣೆಯಾಗುತ್ತದೆಯೇ ವಿನಾ ಅವಳಿಗೆ ಬಂದ ಉಡುಗೊರೆಯಾಗುವುದಿಲ್ಲ. ಅದಕ್ಕೆ ಬದಲಾಗಿ ಪ್ರತಿ ಭಾನುವಾರದ ಅಡುಗೆಯನ್ನು ತಾನು ವಹಿಸಿಕೊಳ್ಳುವುದು, ಮಕ್ಕಳ ಶಾಲೆಯ ಬೆಳಗನ್ನು ವಾರಕ್ಕೆ ಮೂರು ದಿನ ನಿಭಾಯಿಸುವುದು, ಅವಳು ಗೆಳತಿಯರೊಡನೆ ನಾಲ್ಕು ದಿನ ಪ್ರವಾಸ ಹೋಗಿ ಬರುವಷ್ಟು ಕಾಲ ಅವಳನ್ನು ಫೋನು ಮಾಡಿ ಪೀಡಿಸದೆ ಮನೆಯನ್ನು ನೋಡಿಕೊಳ್ಳುವುದು ನಿಜವಾದ ಕೊಡುಗೆಗಳು.

ಒಟ್ಟಿಗೆ ಕಳೆಯುವ ಕಾಲವೂ ಇದೇ ಬಗೆಯದು. ಸಿಂಡಿ ಚಾನ್ ಮತ್ತು ಕ್ಯಾಸಿ ಮೊಗಿಲ್ನರ್ 2017ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ವಸ್ತುಗಳಿಗಿಂತ ಅನುಭವಗಳ ಉಡುಗೊರೆ ಕೊಟ್ಟವರ ಮತ್ತು ಪಡೆದವರ ಬಾಂಧವ್ಯವನ್ನು ಹೆಚ್ಚು ಗಟ್ಟಿಗೊಳಿಸುವುದಾಗಿ ಕಂಡುಬಂದಿತು. ರಂಗಾಯಣದ ನಾಟಕವೊಂದಕ್ಕೆ ಇಬ್ಬರೂ ಹೋಗುವುದು, ಅವಳು ನೋಡಬೇಕೆಂದಿದ್ದ ಐಹೊಳೆ ಪಟ್ಟದಕಲ್ಲುಗಳನ್ನು ಅವಸರವಿಲ್ಲದೆ ನೋಡಿಬರುವುದು ಇದರ ಸಾದಾ ರೂಪಗಳು. ಹಾಗೆಯೇ ಅವಳ ಸ್ವಂತ ಲೋಕವನ್ನು ಮನ್ನಿಸುವ ಉಡುಗೊರೆಗಳೂ ಇವೆ: ನಿಂತುಹೋದ ವೀಣೆಗೆ ಹೊಸ ತಂತಿ ಹಾಕಿಸಿ ಪಾಠದ ಶುಲ್ಕ ಕಟ್ಟುವುದು, ಓದುವವಳಿಗೆ ತ್ರಿವೇಣಿಯವರ ಕಾದಂಬರಿಗಳನ್ನೋ ವೈದೇಹಿಯವರ ಕಥೆಗಳನ್ನೋ ಹುಡುಕಿ ತರುವುದು, ಅರ್ಧಕ್ಕೆ ಬಿಟ್ಟ ಪದವಿಯನ್ನು ಮುಗಿಸಲು ಬೇಕಾದ ಏಕಾಂತವನ್ನು ಒದಗಿಸುವುದು. ಇವು ಹೆಂಡತಿ, ತಾಯಿ, ಸೊಸೆ ಎಂಬ ಪಾತ್ರಗಳ ಹಿಂದಿರುವ ವ್ಯಕ್ತಿಯನ್ನು ಉದ್ದೇಶಿಸಿದವು. ಯಾವ ಉಡುಗೊರೆಯ ಜೊತೆಗೂ ಸ್ವಂತ ಕೈಬರಹದ ನಾಲ್ಕು ಸಾಲು ಇದ್ದರೆ, ಈ ವಸ್ತುವನ್ನೇ ಏಕೆ ಆರಿಸಲಾಯಿತೆಂಬುದು ಅವಳಿಗೆ ತಿಳಿಯುತ್ತದೆ.

ಕೊಡಬಾರದ ಉಡುಗೊರೆಗಳ ಗುರುತೂ ಇಲ್ಲಿಂದಲೇ ಸಿಗುತ್ತದೆ. ತಪ್ಪನ್ನು ಒಪ್ಪಿಕೊಳ್ಳದೆ ಮುಚ್ಚಿಹಾಕಲು ತರುವ ವಸ್ತು, ನಾಲ್ಕು ಜನರೆದುರು ತನ್ನ ಔದಾರ್ಯವನ್ನು ಮೆರೆಯಲು ಕೊಡುವ ವಸ್ತು, ಅವಳ ತೂಕ, ಬಣ್ಣ, ಉಡುಗೆಗಳನ್ನು ತಿದ್ದುವ ಉದ್ದೇಶದ ವಸ್ತು, ಇವು ಮೂರೂ ಅವಳನ್ನು ಇದ್ದಂತೆ ಕಾಣಲು ನಿರಾಕರಿಸುತ್ತವೆ. ಪ್ರೀತಿಯ ಕೊಡುಗೆ ಅವಳನ್ನು ಬದಲಿಸಲು ಹವಣಿಸುವುದಿಲ್ಲ.

ಒಳ್ಳೆಯ ಉಡುಗೊರೆಗೆ ಹಣದ ಅಗತ್ಯ ಇದ್ದೇ ಇರುತ್ತದೆಂದೇನೂ ಇಲ್ಲ, ಆದರೆ ಗಮನದ ಅಗತ್ಯ ಯಾವಾಗಲೂ ಇರುತ್ತದೆ. ಗಮನವು ಹಬ್ಬದ ಮುನ್ನಾದಿನ ಒಮ್ಮೆಲೇ ಹುಟ್ಟಿಕೊಳ್ಳುವಂಥದ್ದಲ್ಲವಾದ್ದರಿಂದ, ವರ್ಷವಿಡೀ ಸಂಗಾತಿಯ ಮಾತಿಗೆ ಕಿವಿಗೊಡುವವನಿಗೆ ಆಯ್ಕೆ ಕಷ್ಟವಾಗದು. ಕಿವಿಗೊಡದವನು ಮೊದಲು ಕೊಡಬೇಕಾದ ಉಡುಗೊರೆಯೂ ಅದೇ.